ವಿಮಾನದ ಹೊಟ್ಟೆಗೆ ಗೇರೆಣ್ಣೆ

ಕುಮಟೆಯ ಹಲ್ಲಿನ ಡಾಕ್ಟರರಲ್ಲಿ ಸರದಿಗಾಗಿ ಕೂತವರಿಗೆ ಎರಡೇ ಕೆಲಸ. ಒಳಗಿನ ಯಂತ್ರದ ಕೊರೆತ ಕೇಳಿ ಹೆದರುವುದು, ಇಲ್ಲವೇ ಮೇಜಿನ ಮೇಲೆ ಬಿದ್ದ ಹಳೆಯ ಪತ್ರಿಕೆಗಳನ್ನು ತಿರುವುವುದು. ಕಳೆದ ವಾರ ನಾನು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ. ಮುಖಪುಟ ಹರಿದುಹೋದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಒಂದೇ ಜೆಟ್ ವಿಮಾನದ ಆರು ಚಿತ್ರಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ಯಾವುದೋ ವಿಮಾನ ಕಂಪನಿ ತನ್ನ ವಿಮಾನಕ್ಕೆ ಹಚ್ಚುತ್ತ ಬಂದ ಬಣ್ಣಗಳ ಇತಿಹಾಸವಂತೆ. ಯಾವುದೋ ಎಂದೆ. ಅದು ನನಗೆ ಚೆನ್ನಾಗಿ ಗೊತ್ತಿರುವ ಕಂಪನಿ. ಹೆಸರು ಬೇಡ, ಆ ಹೆಸರು ಬರೆದರೆ ಈಗಲೂ ನನ್ನ ಪೆನ್ನು ಕಾಗದ ಹರಿಯುತ್ತದೆ.

ಮೊದಲ ಮೂರು ಚಿತ್ರಗಳ ಮೇಲೆ ಬೆರಳಿಟ್ಟು ನಾನು ಸ್ವಲ್ಪ ಗಟ್ಟಿಯಾಗಿಯೇ ಗೊಣಗಿರಬೇಕು. ಪಕ್ಕದಲ್ಲಿದ್ದ ಹೆಂಗಸು ಹಲ್ಲುನೋವು ತಲೆಗೇರಿದೆ ಎಂದುಕೊಂಡು ಆಚೆ ಸರಿದು ಕೂತರು. ಅವರಿಗೆ ಹೇಗೆ ವಿವರಿಸಲಿ? ಆ ಮೂರು ಬಣ್ಣಗಳಿಗಾಗಿ ನಾನು ಎಷ್ಟು ಸಲ ಶರಾವತಿ ದಾಟಿದ್ದೇನೆ, ಎಷ್ಟು ಭಾನುವಾರಗಳನ್ನು ಕಳೆದುಕೊಂಡಿದ್ದೇನೆ ಎಂಬುದನ್ನು ಪತ್ರಿಕೆಯ ಲೇಖಕರು ಒಂದು ಸಾಲಿನಲ್ಲೂ ಬರೆದಿರಲಿಲ್ಲ.

ಹಲ್ಲು ಕೀಳಿಸಿಕೊಂಡು ಮನೆಗೆ ಬಂದವನೇ ಮಾಳಿಗೆ ಹತ್ತಿ ಹಳೆಯ ದಿನಚರಿಗಳ ಪೆಟ್ಟಿಗೆ ಇಳಿಸಿದೆ. ಕೆಳಗಿನಿಂದ ಹೆಂಡತಿಯ ಸ್ವರ ಬಂತು: "ಹಲ್ಲು ಕೀಳ್ಸ್ಕಂಡು ಬಂದವು ಮಾಳಿಗೆ ಎಂತಕ್ಕೆ ಹತ್ತದು? ಬಾವು ಇದ್ದು, ಸುಮ್ನೆ ಮನಿಕ್ಯಳಿ."

"ಒಂದು ಬಣ್ಣ ನೋಡುವುದಿತ್ತು" ಎಂದೆ, ಬಾಯಲ್ಲಿದ್ದ ಹತ್ತಿಯ ನಡುವಿನಿಂದ.

"ನಿಂಗ ಬರದಿಟ್ಟಿದ್ದೆಲ್ಲ ಖರೆ ಹೇಳಿ ಯಾರು ಹೇಳಿದ್ದು?" ಎಂದಳು ಆಕೆ. ನಲವತ್ತು ವರ್ಷ ಜೊತೆಗಿದ್ದವಳು ತಮಾಷೆಗೆ ಹೇಳಿದ ಮಾತು. ಆದರೆ ಅರ್ಧ ಗಂಟೆಯ ನಂತರ ಆ ಮಾತು ತಮಾಷೆಯಾಗಿ ಉಳಿದಿರಲಿಲ್ಲ.

ಸಮಾಧಾನದಿಂದ ಹೇಳುತ್ತೇನೆ, ಆದಷ್ಟು. ಧಾರವಾಡದಲ್ಲಿ ಬಿ.ಎ. ಮುಗಿಸಿ ಹೊನ್ನಾವರದ ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಐವತ್ತರ ದಶಕ ಮುಗಿಯುತ್ತಿತ್ತು. ಇಂಗ್ಲಿಷ್ ಬರುತ್ತದೆ ಎಂಬ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತೋ ಏನೋ, ಆ ಸುದ್ದಿ ಭಟ್ಕಳದ ಖಾದರ್ ಸಾಹೇಬರಿಗೂ ಮುಟ್ಟಿತು. ಅವರದು ಭಟ್ಕಳದ ಪೇಟೆಯಲ್ಲಿ ಟಿಕೆಟ್ ಮಾಡಿಸಿಕೊಡುವ ಸಣ್ಣ ಅಂಗಡಿ. ಮುಂಬೈಯಿಂದ ಹೊರಡುವ ಹಡಗು, ವಿಮಾನ, ಎರಡಕ್ಕೂ. ಆದರೆ ಅವರು ಕಂಪನಿಯ ನೇರ ಏಜೆಂಟರಲ್ಲ. ಮುಂಬೈಯ ಒಬ್ಬ ಏಜೆಂಟರ ಕೈಕೆಳಗಿನವರು. ಅಂಗಡಿಯ ಮೇಲೆ ಕಂಪನಿಯ ಬೋರ್ಡು ತಮ್ಮ ಹೆಸರಿನ ಜೊತೆ ತೂಗಬೇಕು ಎಂಬುದೊಂದೇ ಅವರ ಆಸೆ. ಅದಕ್ಕಾಗಿ ಮುಂಬೈಗೆ ಬರೆಯಬೇಕಾದ ಇಂಗ್ಲಿಷ್ ಪತ್ರಗಳನ್ನು ಬರೆಯುವವನು ನಾನಾದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ತಾರಿಯಲ್ಲಿ ಶರಾವತಿ ದಾಟಿ, ಆಚೆ ದಡದ ಕಾಸರಕೋಡಿನಲ್ಲಿ ಬಸ್ಸು ಹಿಡಿದು ಭಟ್ಕಳಕ್ಕೆ ಹೋಗುವುದು. ಚಹಾ ಕುಡಿದು, ಪತ್ರ ಬರೆದು, ಮುಂಬೈಯ ಹಳೆಯ ಪೇಪರುಗಳ ಕಟ್ಟೊಂದನ್ನು ಬಗಲಲ್ಲಿಟ್ಟುಕೊಂಡು ಬರುವುದು.

ಸಾಹೇಬರು ಒಮ್ಮೆ ಮುಂಬೈಗೆ ಹೋದವರು ಕಂಪನಿಯ ಆಫೀಸಿನ ಗಾಜಿನ ಹಿಂದೆ ಪುಟ್ಟ ಜೆಟ್ ವಿಮಾನದ ಮಾದರಿಯನ್ನು ನೋಡಿ ಬಂದರು. ಅಂಥದೊಂದು ತಮಗೂ ಬೇಕೆಂದು ನನ್ನ ಕೈಯಲ್ಲಿ ಬರೆಸಿದರು. ಕೈಕೆಳಗಿನವರಿಗೆ ಮಾದರಿ ಕೊಡುವ ಪದ್ಧತಿ ಇಲ್ಲ, ಕ್ಯಾಲೆಂಡರ್ ಕಳಿಸಿದ್ದೇವೆ ಎಂದು ಉತ್ತರ ಬಂತು. "ಕೊಡದಿದ್ರೆ ಬಿಡ್ಲಿ ಮಾಸ್ತರ್. ನಮ್ಮಲ್ಲಿ ಕಟ್ಟಿಗೆ ಇಲ್ವಾ? ಕೈ ಇಲ್ವಾ?" ಎಂದರು ಸಾಹೇಬರು. ಮುಟ್ಟಳ್ಳಿಯ ಆಚಾರಿಯೊಬ್ಬರು ಹೆಬ್ಬಲಸಿನ ಮರದಲ್ಲಿ ಮೂರು ಮೊಳ ಉದ್ದದ ವಿಮಾನವನ್ನು ಕೆತ್ತಿಕೊಟ್ಟರು. ರೆಕ್ಕೆ, ಬಾಲ, ರೆಕ್ಕೆಯ ಕೆಳಗೆ ನಾಲ್ಕು ಇಂಜಿನು, ಎಲ್ಲ ಸರಿಯಾಗಿತ್ತು. ಇನ್ನು ಬಣ್ಣ.

ಬಣ್ಣಕ್ಕೆ ಜಟ್ಟಪ್ಪನನ್ನು ಗೊತ್ತು ಮಾಡಿದವನು ನಾನೇ. ಇದನ್ನು ಮರೆಯುವ ಹಾಗಿಲ್ಲ. ಕಾಸರಕೋಡಿನಲ್ಲಿ ಮೀನುಗಾರರ ದೋಣಿಗಳಿಗೆ ಎಣ್ಣೆ, ಬಣ್ಣ ಹಚ್ಚುತ್ತಿದ್ದವನು ಜಟ್ಟಪ್ಪ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ತಾರಿ ಕಾಯುವಾಗ ಅವನ ಅಂಗಳದಲ್ಲಿ ಕೂತು ನೋಡುತ್ತಿದ್ದೆ. ಅವನ ಕುಂಚ ಮೂತಿಯಿಂದ ಬಾಲದವರೆಗೆ ಒಂದೇ ಎಳೆತದಲ್ಲಿ ಹೋಗುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ಇಂಥ ಕೈ ಮತ್ತೆಲ್ಲಿ ಸಿಕ್ಕೀತು ಎಂದು ಸಾಹೇಬರಿಗೆ ನಾನೇ ಹೊಗಳಿ ಹೇಳಿದೆ.

ಕ್ಯಾಲೆಂಡರಿನ ಚಿತ್ರದಲ್ಲಿ ವಿಮಾನದ ಮೇಲರ್ಧ ಬಿಳಿ. ಕಿಟಕಿಗಳ ಸಾಲಿನುದ್ದಕ್ಕೂ ಒಂದು ಕೆಂಪು ಪಟ್ಟೆ. (ದಿನಚರಿಯಲ್ಲಿ 'ನೀಲಿ ಪಟ್ಟೆ' ಎಂದಿದೆ. ಪತ್ರಿಕೆಯ ಚಿತ್ರದಲ್ಲಿ ಕೆಂಪು. ನನ್ನ ನೆನಪಿನಲ್ಲೂ ಕೆಂಪು, ಆದರೆ ಪತ್ರಿಕೆ ನೋಡಿದ ಮೇಲೆ ಹುಟ್ಟಿದ ಕೆಂಪೋ ಅದು, ಹೇಳಲಾರೆ.) ಹೊಟ್ಟೆಗೆ ಬಣ್ಣವೇ ಇಲ್ಲ, ತಿಕ್ಕಿ ತೊಳೆದ ಪಾತ್ರೆಯ ಹಾಗೆ ಬರೀ ಲೋಹದ ಹೊಳಪು. ನಮ್ಮದು ಮರದ್ದಾದ್ದರಿಂದ ಅಲ್ಲಿಗೆ ಬೆಳ್ಳಿಬಣ್ಣ ಹಚ್ಚಬೇಕು. ಇಷ್ಟನ್ನು ಜಟ್ಟಪ್ಪನಿಗೆ ಎರಡು ಸಲ ಹೇಳಿ, ಕ್ಯಾಲೆಂಡರನ್ನು ಅವನ ಗೋಡೆಗೇ ತೂಗುಹಾಕಿ ಬಂದೆ.

ತಿಂಗಳ ಮೇಲೆ ಹೋದಾಗ ವಿಮಾನ ಕವುಚಿಟ್ಟ ದೋಣಿಗಳ ನಡುವೆ, ತಾನೂ ದೋಣಿಯೇ ಎಂಬಂತೆ ಕವುಚಿ ಮಲಗಿತ್ತು. ಹೊಟ್ಟೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ, ದೋಣಿಯ ತಳ ಕೊಳೆಯದಂತೆ ಹಚ್ಚುವಂಥದು. ಕೆಂಪು ಪಟ್ಟೆ ಕಿಟಕಿಗಳನ್ನು ಬಿಟ್ಟು ಎರಡು ಬೆರಳು ಕೆಳಗಿಳಿದಿತ್ತು.

"ಜಟ್ಟಪ್ಪ, ಇದೆಂತ ಮಾಡಿದ್ದು? ಪಟ್ಟೆ ಕಿಟಕಿ ಮೇಲೆ ಬರಬೇಕಲ್ಲವೋ!"

"ನೀರಿನ ಗೆರೆ ಕಿಟ್ಕಿ ಮೇಲೆ ಬಂದ್ರೆ ಒಳಗಿನ ಜನ ಮುಳುಗುದೇ ಸೈ" ಎಂದ ಅವನು. "ಆ ಚಿತ್ರ ಬರ್ದವಂಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾ ಸರಿ ಮಾಡಿದೆ."

"ಇದು ನೀರಿಗೆ ಇಳಿಯುವುದಿಲ್ಲ ಮಾರಾಯಾ. ಗಾಳಿಯಲ್ಲಿ ಹೋಗುವುದು."

"ಗಾಳಿಲಿ ಹೋಗಿ ಎಲ್ಲಾದ್ರೂ ಇಳೂಕೆ ಬೇಕಲ್ಲ? ಇಳದಲ್ಲಿ ಮಳೆ ಅದೆಯಾ ಇಲ್ಲವಾ?"

"ಇದೆ."

"ಆತು ಹಂಗಾರೆ. ಹೊಟ್ಟಿಗೆ ಎಂತದೂ ಹಚ್ದೆ ಜನ ಕೂರ್ಸ್ಕಂಡು ಹೋಗುದು ನಾ ಕಂಡಿಲ್ಲ. ನನ್ನ ಕೈಯಿಂದ ಅದು ಆಗುದಿಲ್ಲ ಮಾಸ್ತರ್ರೆ."

ಅವನ ಜೊತೆ ವಾದಿಸಿದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ಅವನು ಸಿಟ್ಟಾಗುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ತಾಳ್ಮೆಯಿಂದ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ನನಗೆ ಹೇಳುತ್ತಿದ್ದ. ತರಗತಿಯಲ್ಲಿ ನಾನು ಬಳಸುತ್ತಿದ್ದ ದನಿಯೇ ಅದು, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ಈ ಮಧ್ಯೆ ಪತ್ರಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ: ಐದನೆಯ ಚಿತ್ರದಿಂದ ಮುಂದೆ ಆ ಕಂಪನಿಯವರೂ ಹೊಟ್ಟೆಗೆ ಬಣ್ಣ ಹಚ್ಚಿದ್ದಾರೆ. ಬರೀ ಲೋಹಕ್ಕೆ ಗಾಳಿ ಮಳೆ ತಾಗಿ ಸವೆಯುತ್ತದಂತೆ. ಹಲ್ಲಿನ ಡಾಕ್ಟರರಲ್ಲಿ ಇದನ್ನು ಓದಿದಾಗ ನನಗಾದದ್ದು ಸಂತೋಷವಲ್ಲ.

ಸಾಹೇಬರು ಕಪ್ಪು ಹೊಟ್ಟೆ ನೋಡಿ ತಲೆಗೆ ಕೈಹಚ್ಚಿ ಕೂತರು. "ಯಾ ಅಲ್ಲಾ! ನಾನು ವಿಮಾನ ಕೇಳಿದ್ದು, ನೀವು ಎರಡು ರೆಕ್ಕೆಯ ಪಾತಿದೋಣಿ ತಂದಿರಿ." ಆದರೂ ಬೇರೆ ದಾರಿಯಿಲ್ಲದೆ ಅದನ್ನೇ ಅಂಗಡಿಯ ಮುಂದಿಟ್ಟರು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮಗನನ್ನು ಮುಂಬೈಯಿಂದ ವಿಮಾನದಲ್ಲಿ ಪರದೇಶಕ್ಕೆ ಕಳಿಸಲು ಹೊರಟ ಮುದುಕಿಯೊಬ್ಬಳು ಬಂದು, ವಿಮಾನವನ್ನು ಸುತ್ತ ನೋಡಿ, ಬಗ್ಗಿ ಅದರ ತಳವನ್ನು ಬೆರಳಿನಿಂದ ಮುಟ್ಟಿ, ಭಟ್ಕಳದ ಮುಸಲ್ಮಾನರ ನವಾಯತಿ ಮಾತಿನಲ್ಲಿ ಏನೋ ಕೇಳಿದಳು. ಸಾಹೇಬರು ಎದೆಯುಬ್ಬಿಸಿ ಉತ್ತರ ಕೊಟ್ಟರು. ಅವಳು ಹೋದ ಮೇಲೆ ಏನೆಂದು ಕೇಳಿದೆ. "ತಳ ಗಟ್ಟಿ ಉಂಟಾ ಅಂತ ಕೇಳಿದಳು. ನಮ್ಮ ದೋಣಿಗೆ ಹಚ್ಚುವ ಎಣ್ಣೆಯೇ ಹಚ್ಚಿದ್ದು, ಬಿಲ್ಕುಲ್ ಹೆದರಬೇಡ ಅಂದೆ." ಹೀಗೆ ಹೇಳಿದ ಸಾಹೇಬರೇ ಮರುಗಳಿಗೆ ನನ್ನತ್ತ ತಿರುಗಿ, "ಮುಂದಿನ ಸಲ ಬೆಳ್ಳಿಬಣ್ಣ ಮಾಡಿಸಿ ಮಾಸ್ತರ್, ಮರ್ಯಾದೆ ಹೋಗ್ತದೆ" ಎಂದರು. ಇವರಿಬ್ಬರ ನಡುವೆ ನಾನು ಹೇಗೆ ಬದುಕಿದೆನೋ.

ಮುಂದಿನ ಸಲ ಬಂದೇ ಬಂತು, ಯಾಕೆಂದರೆ ಕಂಪನಿಗೆ ಕೈ ಸುಮ್ಮನಿರುವುದಿಲ್ಲ. ಮರುವರ್ಷ ಬಾಲ ಇಡೀ ಕೆಂಪಾಯಿತು. ಅದರ ಮರುವರ್ಷ ಒಂದು ಪಟ್ಟೆ ಸೀಳಿ ಎರಡು ತೆಳು ಪಟ್ಟೆಗಳಾದವು, ಅಕ್ಷರಗಳು ದಪ್ಪಗಾದವು. ಕ್ಯಾಲೆಂಡರ್ ಬಂದಾಗಲೆಲ್ಲ ನಾನು ವಿಮಾನವನ್ನು ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಬೇಕು, ಕಂಡಕ್ಟರು "ಅದಕ್ಕೆ ರೆಕ್ಕೆ ಅದೆಯಲ್ಲ, ಹಾರ್ಸ್ಕಂಡೇ ಹೋಗ್ಲಕ್ಕಿತ್ತು" ಎನ್ನಬೇಕು, ಬಸ್ಸೆಲ್ಲ ನಗಬೇಕು. ಜಟ್ಟಪ್ಪನೋ, ಬಣ್ಣಕ್ಕೆ ಕೈಹಾಕುತ್ತಿದ್ದುದು ವರ್ಷಕ್ಕೊಮ್ಮೆ, ಮಳೆ ಹೊಳವಾದಾಗ, ನೂಲು ಹುಣ್ಣಿಮೆಗೆ ದೋಣಿಗಳು ಕಡಲಿಗಿಳಿಯುವ ಮೊದಲು. ಆಮೇಲೆ ದೇವರು ಬಂದು ಕೇಳಿದರೂ ಇಲ್ಲ. ಮತ್ತೆ ಹೊಸ ಬಣ್ಣ ಹಚ್ಚುವ ಮೊದಲು ಹಳೆಯದನ್ನು ಗಾಜಿನ ಚೂರಿನಿಂದ ಕೆರೆದು ಮರ ಕಾಣಿಸಬೇಕು, ಹಳೆಯದರ ಮೇಲೆ ಹೊಸದು ಹಚ್ಚುವುದು ಸೋಮಾರಿಗಳ ಕೆಲಸ. ಹಾಗಾಗಿ ನಮ್ಮ ವಿಮಾನ ಯಾವತ್ತೂ ಕಂಪನಿಗಿಂತ ಒಂದು ಬಣ್ಣ ಹಿಂದೆ. ಹೊಟ್ಟೆ ಮಾತ್ರ ಪ್ರತಿ ಸಲವೂ ಕಪ್ಪು.

ಆಗ ಮುಂಬೈಯಿಂದ ಪತ್ರ ಬಂತು. ಕರಾವಳಿಯ ಅಂಗಡಿಗಳನ್ನು ನೋಡಲು ಕಂಪನಿಯ ಅಧಿಕಾರಿಯೊಬ್ಬರು ಬರುತ್ತಾರೆ, ಯಾರಿಗೆ ನೇರ ಏಜೆನ್ಸಿ ಕೊಡಬಹುದು ಎಂದು ಅವರು ತೀರ್ಮಾನಿಸುತ್ತಾರೆ. ಸಾಹೇಬರು ಆ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿ ಕೇಳಿದರು. ಗೋಡೆಗೆ ಸುಣ್ಣ ಹೊಡೆಸಿದರು. "ಹೊಟ್ಟೆ ಬೆಳ್ಳಿಯಾಗಬೇಕು ಮಾಸ್ತರ್. ಇದೊಂದು ಸಲ. ನನ್ನ ಮೇಲೆ ಮೆಹರ್ಬಾನಿ ಮಾಡಿ."

ಕುಮಟೆಯಲ್ಲಿ ಬೆಳ್ಳಿಬಣ್ಣದ ಡಬ್ಬಿ ಕೊಂಡು ಜಟ್ಟಪ್ಪನಲ್ಲಿಗೆ ಹೋದೆ. ಆ ವರ್ಷದ ಕೆಲಸ ಮುಗಿಸಿ ಅವನು ವಿಮಾನವನ್ನು ಬಿಸಿಲಿಗೆ ಇಟ್ಟಿದ್ದ. ಎಣ್ಣೆ ಕಲ್ಲಿನ ಹಾಗೆ ಒಣಗಿತ್ತು. ನಾನೇ ಉಗುರಿನಿಂದ ಗೀರಿ ನೋಡಿದ್ದೇನೆ, ಗೀರು ಬೀಳಲಿಲ್ಲ. ಡಬ್ಬಿಯನ್ನು ತೋರಿಸಿದೆ. ಅವನು ಮುಚ್ಚಳವನ್ನೂ ತೆಗೆಯಲಿಲ್ಲ. "ಬೇರೆ ಯಾರ ಹತ್ರಾದ್ರೂ ಹಚ್ಸಿ. ನಾ ಬೇಜಾರ್ ಮಾಡ್ಕಣುದಿಲ್ಲ" ಎಂದ.

ಬೇರೆ ಯಾರೂ ಇರಲಿಲ್ಲ, ದಿನವೂ ಇರಲಿಲ್ಲ. ಅಧಿಕಾರಿ ಬರುವ ದಿನ ಬೆಳಿಗ್ಗೆಯೇ ನಾನು ಶಾಲೆಗೆ ರಜೆ ಹಾಕಿ, ವಿಮಾನವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭಟ್ಕಳ ತಲುಪಿದ್ದೆ. ಶುಕ್ರವಾರ. ಕಟ್ಟು ಬಿಚ್ಚುವ ಮೊದಲೇ ಸಾಹೇಬರು ನಮಾಜಿಗೆ ಹೋದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು, ವಿಮಾನ, ಡಬ್ಬಿ. ಬಿ.ಎ. ಓದಿದವನಿಗೆ ಒಂದು ಹೊಟ್ಟೆಗೆ ಬಣ್ಣ ಹಚ್ಚಲು ಬಾರದೇ? ಮೊದಲು ಎಣ್ಣೆಯ ಜಿಡ್ಡು ಹೋಗಲೆಂದು ಸೀಮೆಎಣ್ಣೆಯಿಂದ ಚೆನ್ನಾಗಿ ಉಜ್ಜಿದೆ. ಬೆಳ್ಳಿಬಣ್ಣ ದಪ್ಪಗಿತ್ತು, ಅದಕ್ಕೂ ಸೀಮೆಎಣ್ಣೆಯನ್ನೇ ಬೆರೆಸಿದೆ. ಅಗಲಕ್ಕೆ ಅಡ್ಡಡ್ಡ ಬಳಿದೆ. ನೋಡಲು ಥೇಟ್ ಕ್ಯಾಲೆಂಡರ್. ಸಾಹೇಬರು ಬಂದು ನೋಡಿ, "ಜಟ್ಟಪ್ಪ ಕೊನೆಗೂ ಕೇಳಿದನಾ?" ಎಂದು ನನ್ನ ಕೈ ಹಿಡಿದುಕೊಂಡರು. ನಾನು ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲ್ಲ ಅಲ್ಲಿಂದಲೇ ಶುರುವಾಯಿತು.

ಅಧಿಕಾರಿ ಬಿಳಿ ಶರ್ಟು, ಬಿಳಿ ಪ್ಯಾಂಟು ಹಾಕಿಕೊಂಡು ಬಂದರು. ಸಭ್ಯ ಮನುಷ್ಯ. ವಿಮಾನವನ್ನು ಕಂಡು ಹಿಗ್ಗಿ, "ಆದರೆ ಇದು ಹಳೆಯ ಬಣ್ಣ, ಹೋದ ತಿಂಗಳಿಂದ ನಮ್ಮದು ಬದಲಾಗಿದೆ" ಎಂದರು. (ಇದಕ್ಕೇನು ಹೇಳುವುದು, ಹೇಳಿ!) ಹಾಗೆನ್ನುತ್ತ ಎರಡೂ ಕೈಯಿಂದ ಅದನ್ನು ಎತ್ತಿ ಎದೆಗಾನಿಸಿ ಕೆಲಸ ನೋಡತೊಡಗಿದರು. ಕೆಳಗಿಟ್ಟಾಗ ಅಂಗೈಗಳು ಬೆಳ್ಳಿ, ಅಂಗಿಯ ಎದೆ ಬೆಳ್ಳಿ, ಬೆಳ್ಳಿಯ ನಡುವೆ ಕರಗಿ ಬಂದ ಗೇರೆಣ್ಣೆಯ ಕರಿ. ಗಾಬರಿಯಲ್ಲಿ ಹಣೆಯ ಬೆವರು ಒರೆಸಿಕೊಂಡರು, ಹಣೆಯೂ ಆಯಿತು. ಯಾರೂ ನಗಲಿಲ್ಲ. ಸಾಹೇಬರ ಮುಖ ನೋಡಿದ್ದರೆ ನೀವೂ ನಗುತ್ತಿರಲಿಲ್ಲ.

ಏಜೆನ್ಸಿ ಬರಲಿಲ್ಲ. ತಿಂಗಳ ನಂತರ ಬಂದ ಪತ್ರದಲ್ಲಿ ಕಾರಣ ಬರೆದಿರಲಿಲ್ಲ. ಅಂಗಿಯ ಕಲೆಯೇ ಕಾರಣವೋ, ಮೊದಲೇ ಬೇರೆಯವರಿಗೆ ಕೊಡುವುದೆಂದಾಗಿತ್ತೋ, ನಾನು ತಿಳಿಯೆ. ಆದರೆ ಸಾಹೇಬರಿಗೆ ಸಂಶಯವಿರಲಿಲ್ಲ. ಅವರು ಜಟ್ಟಪ್ಪನನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ಜಟ್ಟಪ್ಪ ವಿಮಾನವನ್ನು ಕವುಚಿ, ಹೆಬ್ಬೆರಳಿನಿಂದ ಒತ್ತಿ, ಮೂಸಿದ. ಕುಂಚದ ಅಡ್ಡ ಗೆರೆಗಳ ಮೇಲೆ ಕಣ್ಣಾಡಿಸಿದ. ಅವನಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಬೇಕಿದ್ದರೆ ಆಗಲೇ ಹೇಳಬಹುದಿತ್ತು, ನನಗೂ ಬಾಯಿತ್ತು.

"ಎಣ್ಣೆ ಸಮಾ ಒಣಗಲಿಲ್ಲ ಸಾಯ್ಬ್ರೆ. ನಂದೇ ತಪ್ಪು" ಎಂದ ಜಟ್ಟಪ್ಪ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನ ಮೇಲೆ ರೇಗಿದೆ. ನಿನಗೆ ಯಾರು ಹೇಳಿದ್ದು, ನಾಳೆಯೇ ಸಾಹೇಬರಿಗೆ ನಿಜ ಹೇಳುತ್ತೇನೆ ಎಂದೆ.

"ಹೇಳಿ ಎಂತ ಮಾಡ್ತ್ರಿ? ಅವ್ರ ಕಾಗ್ದ ಬರಿಯೋರು ನೀವು. ನಿಮ್ಮ ಮೇಲೆ ನಂಬ್ಕೆ ಹೋದ್ರೆ ಮತ್ತೊಂದ್ಸಲ ಅರ್ಜಿ ಬರಿಯುಕೆ ಅವ್ರಿಗೆ ಯಾರಿದ್ರು? ಎಣ್ಣೆ ಹಚ್ಚುಕೆ ನೂರು ಜನ ಸಿಕ್ತ್ರು."

ನಾನು ಎಷ್ಟು ಬೇಗ ಒಪ್ಪಿದೆನೆಂದರೆ, ಬಸ್ಸು ಕಾಸರಕೋಡು ತಲುಪುವಾಗ ನಾವು ಮೀನಿನ ಬುಟ್ಟಿಯ ವಾಸನೆಯ ಬಗ್ಗೆ ಮಾತಾಡುತ್ತಿದ್ದೆವು.

ಆದರೆ ಮಾತು ಬಸ್ಸಿಗಿಂತ ಬೇಗ ದಡ ಸೇರುತ್ತದೆ. 'ಜಟ್ಟಪ್ಪನ ಎಣ್ಣೆ ಒಣಗುದಿಲ್ಲವಂತೆ' ಎಂದು ಮೊದಲು ತಾರಿಯಲ್ಲಿ ಕೇಳಿದೆ, ಆಮೇಲೆ ಹೊನ್ನಾವರದ ಮೀನುಪೇಟೆಯಲ್ಲಿ. ದೋಣಿಗೆ ಎಣ್ಣೆ ಹಚ್ಚುವವನ ಬಗ್ಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ತಳಕ್ಕೆ ಹಚ್ಚಿದ್ದು ಹಿಡಿಯದಿದ್ದರೆ ಜೀವ ಹೋಗುವುದು ಕಡಲಲ್ಲಿ ಇರುವವರದು. ಹಿಂದಿನ ಮಳೆಗಾಲ ಅವನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುವರ್ಷ ಮೂರು ದೋಣಿ, ಅದರಲ್ಲೊಂದು ಅವನ ಭಾವನದು. ಅದರ ಮರುವರ್ಷ ಅವನು ಮನೆ ಮುಚ್ಚಿ ಮಲ್ಪೆಗೆ ಹೋದ. ಅಲ್ಲಿ ಯಾರದೋ ಕೈಕೆಳಗೆ, ಹೇಳಿದ ಬಣ್ಣವನ್ನು ಹೇಳಿದ ಜಾಗಕ್ಕೆ ಹಚ್ಚುತ್ತಿದ್ದನಂತೆ. ಅಲ್ಲಿಯೇ ತೀರಿಕೊಂಡ.

ಮಾಳಿಗೆಯಲ್ಲಿ ಆ ಶುಕ್ರವಾರದ ಪುಟ ಸಿಕ್ಕಿತು. ನನ್ನದೇ ಅಕ್ಷರ: 'ಮುಂಬೈಯ ಅಧಿಕಾರಿ ಬಂದಿದ್ದರು. ಬಣ್ಣ ಹಸಿಯಾಗಿತ್ತು. ಜಟ್ಟಪ್ಪನ ಎಣ್ಣೆಯ ದೋಷ.' ಬೇರೆ ಯಾರೂ ಓದದ ಪುಸ್ತಕದಲ್ಲಿ, ಜಟ್ಟಪ್ಪ ತಪ್ಪು ಒಪ್ಪಿಕೊಳ್ಳುವುದಕ್ಕೂ ಎಷ್ಟೋ ದಿನ ಮೊದಲೇ ನಾನು ಹೀಗೆ ಬರೆದಿಟ್ಟಿದ್ದೆ. ಇಷ್ಟು ವರ್ಷ ನಾನು ನೆನಪಿಟ್ಟುಕೊಂಡದ್ದು, ಅವನಾಗಿ ತಪ್ಪನ್ನು ಹೊತ್ತುಕೊಂಡ, ನಾನು ಬಿಟ್ಟೆ ಎಂದು. ಅದೂ ನಿಜವಲ್ಲ. ಹೊರಿಸಿದವನು ನಾನು, ಅವನು ಬಂದು ಒಪ್ಪಿಕೊಂಡ, ಅಷ್ಟೇ.

ಮರುದಿನ ಊದಿದ ಕೆನ್ನೆಯಲ್ಲೇ ಭಟ್ಕಳಕ್ಕೆ ಹೋದೆ. ಈಗ ಸೇತುವೆಯಿದೆ, ಶರಾವತಿ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಅಂಗಡಿ ಮಕ್ಕಳ ಕೈಯಲ್ಲಿದೆ. ಎಂಬತ್ತು ಸಮೀಪಿಸಿದ ಸಾಹೇಬರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, ಬಂದುಹೋಗುವವರ ಸಲಾಮು ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಚಹಾ ಹೇಳಿದರು. ನಾನು ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಬೆಳ್ಳಿಬಣ್ಣ ಹಚ್ಚಿದ್ದು ನಾನು, ಜಟ್ಟಪ್ಪ ಅಲ್ಲ.

ಸಾಹೇಬರು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂತು. "ಮಾಸ್ತರ್, ನೀವು ಅವತ್ತೂ ಹಾಗೇ, ಇವತ್ತೂ ಹಾಗೇ. ಸತ್ತವನ ತಪ್ಪನ್ನೂ ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಿ. ಅವ್ನು ನನ್ನೆದುರಿಗೇ ಒಪ್ಪಿದ್ದಲ್ವಾ?"

"ಒಪ್ಪಿದ್ದು ಸುಳ್ಳು ಸಾಹೇಬರೆ. ನಾನು ಸೀಮೆಎಣ್ಣೆ ಹಾಕಿ ಉಜ್ಜಿದ್ದು. ಅವನ ಎಣ್ಣೆ ಒಣಗಿತ್ತು."

"ಬಿಡಿ, ಬಿಡಿ. ಒಳ್ಳೇ ಕೈಯೇ ಅವ್ನದು, ಒಂದು ಸಲ ತಪ್ಪಿತು. ನಾನು ಯಾವತ್ತೋ ಮಾಫ್ ಮಾಡಿದ್ದೇನೆ." ಮತ್ತೆ ಒಳಗೆ ಟಿಕೆಟ್ಟಿಗೆ ಬಂದು ಕೂತಿದ್ದ ಇಬ್ಬರ ಕಡೆ ತಿರುಗಿ, "ನೋಡಿ, ಇವರು ನಮ್ಮ ಮಾಸ್ತರು. ಎಂಥ ದೊಡ್ಡ ಮನಸ್ಸು ನೋಡಿ!" ಎಂದರು. ಅವರಿಬ್ಬರೂ ಎದ್ದು ನಿಂತು ನನಗೆ ಕೈ ಮುಗಿದರು.

ಹಿಂದೆಂದಾದರೂ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ, ಬಂದ ಚಹಾವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಸಾಹೇಬರ ಎದುರಿಗೆ ಎಳೆದುಕೊಂಡು, ಕೈ ಮುಗಿದ ಆ ಇಬ್ಬರನ್ನೂ ಕೂರಲು ಹೇಳಿದೆ. ಅವರು ಕೂತ ಮೇಲೆ, ಜಟ್ಟಪ್ಪನ ಎಣ್ಣೆ ಎಷ್ಟು ದಿನದಲ್ಲಿ ಹೇಗೆ ಒಣಗುತ್ತಿತ್ತು ಎಂಬಲ್ಲಿಂದ ಶುರುಮಾಡಿದೆ.